ಮೆಂಬರ್ ಭೀಮಪ್ಪನವರ ಕಟ್ಟಳೆ

ಐರ್ಲೆಂಡಿನ ಆಡಮ್ಸ್‌ಟೌನಿನ ಆ ಮನೆಯಲ್ಲಿ ಭಾನುವಾರದ ಊಟವಾದ ಮೇಲೆ ಯಾರೂ ಹಾಗೇ ಎದ್ದು ಹೋಗುವಂತಿರಲಿಲ್ಲ. ತಟ್ಟೆಗಳನ್ನು ಸಿಂಕಿಗೆ ಹಾಕಿ, ಕೈ ತೊಳೆದು, ಮತ್ತೆ ಬಂದು ಮೇಜಿನ ಸುತ್ತ ಕೂರಬೇಕು. ಗುಂಡಪ್ಪನವರು ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕೂತು, ಒಮ್ಮೆ ಗಂಟಲು ಸರಿಮಾಡಿಕೊಂಡು, "ಸಭೆ ಸೇರೈತೆ. ಯಾರ್ದು ಏನೈತೆ ಹೇಳ್ರಪ್ಪ," ಎನ್ನುತ್ತಿದ್ದರು.

ಮೂರು ತಿಂಗಳು ಮಕ್ಕಳ ಜೊತೆ ಇದ್ದು ಹೋಗೋಣವೆಂದು ಬಂದ ಮುದುಕರು ಅವರು. ಬಂದ ಕೆಲವೇ ವಾರಕ್ಕೆ ವಿಮಾನ ನಿಂತಿತು, ಅಂಗಡಿ ಮುಚ್ಚಿತು, ಮನೆಯಿಂದ ಎಷ್ಟು ದೂರ ನಡೆಯಬಹುದೆಂಬುದನ್ನೂ ಸರ್ಕಾರವೇ ಹೇಳತೊಡಗಿತು. ಒಂದೇ ಸೂರಿನಡಿ ಆರು ಜನ. ಹಿರಿಯ ಮಗ ಸತ್ಯಪ್ರಕಾಶ್ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಅವನ ಹೆಂಡತಿ ಚಿತ್ರಾಗೆ ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ, ಬೆಳಕು ಹರಿಯುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುವ ಶಿಫ್ಟು. ಅವರ ಮಗಳು ಐಶುಗೆ ಹನ್ನೊಂದು ವರ್ಷ. ಕಿರಿಯ ಮಗ ಮಂಜೇಶ್ ಇಲ್ಲೇ ಮಾಸ್ಟರ್ಸ್ ಓದಿ ಕೆಲಸ ಹಿಡಿದವನು. ಬೇರೆ ಮನೆ ಸಿಗದೆ ಅಣ್ಣನ ಮನೆಯಲ್ಲೇ ಉಳಿದಿದ್ದ. ಅವನ ಹೆಂಡತಿ ನಾಗಮಣಿ.

ನಾಗಮಣಿ ಹೊರಗಿನಿಂದ ಬಂದ ಸೊಸೆಯಲ್ಲ. ಗುಂಡಪ್ಪನವರ ಒಬ್ಬಳೇ ಮಗಳು ದ್ರಾಕ್ಷಾಯಿಣಿಯ ಮಗಳು. ಮಂಜೇಶ್ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಹಾಗಾಗಿ ಮಾವನವರು ಅವಳಿಗೆ ತಾತ, ಗಂಡ ಮಾಮ, ಭಾವ ದೊಡ್ಮಾಮ, ಓರಗಿತ್ತಿ ಅತ್ತೆ. ಐಶು ಈ ಲೆಕ್ಕವನ್ನು ಬೆರಳು ಮಡಿಸಿ ಹಾಕಿ ನೋಡಿ, "ಸೋ ಮಣಿ ಅಕ್ಕ ನನ್ನ ಕಸಿನ್, ಆಮೇಲೆ ಆಂಟಿನೂ? ದಟ್ಸ್ ಮ್ಯಾಡ್!" ಎಂದು ನಕ್ಕಿದ್ದಳು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ, ಶಿರಾದಲ್ಲಿ ಅಮ್ಮನ ಹೊಲಿಗೆ ಮಷೀನಿನ ಪಕ್ಕ ಕಾಜಾ ಹೊಲಿಯುತ್ತ ಬೆಳೆದ ಹುಡುಗಿ ಈಗ ಈ ದೇಶದಲ್ಲಿ ಆರು ಜನಕ್ಕೆ ಅಡಿಗೆ ಮಾಡುತ್ತಿದ್ದಳು. ಕೇಳಿದರೆ ಮಾತಾಡುವಳು. ಕೇಳದಿದ್ದರೆ ನೋಡುತ್ತ ನಿಲ್ಲುವಳು.

ಸಭೆ ಶುರುವಾದದ್ದು ಮೊದಲ ಲಾಕ್‌ಡೌನಿನಲ್ಲಿ. ಇಂಟರ್ನೆಟ್ಟಿನ ವಿಷಯಕ್ಕೆ ಅಣ್ಣತಮ್ಮಂದಿರು ಮಾತಿಗೆ ಮಾತು ಬೆಳೆಸಿ, ಸತ್ಯಪ್ರಕಾಶ್ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋದ ದಿನ ಗುಂಡಪ್ಪನವರು ಕೇಳಿದರು: "ನಮ್ಮಪ್ಪ, ಮೆಂಬರ್ ಭೀಮಪ್ಪನವರ ಕಟ್ಟಳೆ ಗೊತ್ತೇನ್ರೋ ನಿಮಗೆ?"

ಕಟ್ಟಳೆ ಇಷ್ಟೇ. ವಾರಕ್ಕೊಮ್ಮೆ ಮನೆಯ ಸಭೆ. ಸೊಸೆಯಿಂದ ಹಿಡಿದು ದನ ಕಾಯುವವನವರೆಗೆ ಯಾರು ಬೇಕಾದರೂ ಒಂದು ಅರ್ಜಿ ಹೇಳಿಕೊಳ್ಳಬಹುದು. ನಡುವೆ ಯಾರೂ ಬಾಯಿ ಹಾಕಬಾರದು. ಯಜಮಾನ ಅವತ್ತು ಹೂಂ ಅನ್ನುವಂತಿಲ್ಲ, ಊಹೂಂ ಅನ್ನುವಂತೆಯೂ ಇಲ್ಲ. ಉತ್ತರ ಮುಂದಿನ ವಾರಕ್ಕೆ.

"ಸಿಟ್ಟಿನಾಗೆ ಹೇಳಿದ್ದೂ ನೆಟ್ಟಗಿರಲ್ಲ, ಮುದ್ದಿನಾಗೆ ಹೇಳಿದ್ದೂ ನೆಟ್ಟಗಿರಲ್ಲ. ಬಿಸಿ ಆರಲಿ, ಆಮೇಲೆ ಬಡಿಸು ಅನ್ನೋರು ನಮ್ಮಪ್ಪ."

ನಗುತ್ತಲೇ ಒಪ್ಪಿದರು, ಆದರೆ ಅದು ಕೆಲಸ ಮಾಡಿತು.

"ಅಣ್ಣ ಮೀಟಿಂಗಲ್ಲಿ ಕೂಗಾಡ್ತಾನಪ್ಪ. ಗೋಡೆ ಅಲ್ಲಾಡುತ್ತೆ. ಅವನ ಮ್ಯಾನೇಜರ್ ಹೆಂಡ್ತಿ ಹೆಸ್ರೂ ನನಗೆ ಬಾಯಿಪಾಠ ಆಗಿದೆ," ಎಂದು ಮಂಜೇಶ್ ಅರ್ಜಿ ಹಾಕಿದ.

"ನೀನು ಕುಕ್ಕರ್ ಥರ ಗೊರಕೆ ಹೊಡೀತೀಯಲ್ಲ, ಅದು?"

"ಸತ್ಯಾ, ನಡುವೆ ಬಾಯಿ ಹಾಕ್ಬ್ಯಾಡ."

ಐಶುವಿನ ಅರ್ಜಿ ಶುಕ್ರವಾರದ ಉಪ್ಪಿಟ್ಟಿನ ಮೇಲೆ. ಮುಂದಿನ ಭಾನುವಾರ ಗುಂಡಪ್ಪನವರು ಬೆನ್ನು ನೆಟ್ಟಗೆ ಮಾಡಿ, "ಶುಕ್ರವಾರದ ಉಪ್ಪಿಟ್ಟು ರದ್ದು ಮಾಡೈತೆ," ಎಂದಾಗ ಅವಳು "ಗ್ರ್ಯಾಂಡ್!" ಎಂದು ಮೇಜು ಬಡಿದಳು. ಮುದುಕರಿಗೂ ಆ ಮಾತು ಹಿಡಿಸಿ, ಆಮೇಲೆ ಸಾರು ಚೆನ್ನಾಗಿದ್ದರೂ ಗ್ರ್ಯಾಂಡ್, ಬಿಸಿಲು ಬಂದರೂ ಗ್ರ್ಯಾಂಡ್.

ಕೊನೆಗೆ ನಾಗಮಣಿಯ ಸರದಿ. "ನಿಂದೇನವ್ವ?"

"ಏನಿಲ್ಲ ತಾತ."

ಒಂದು ವರ್ಷವಿಡೀ ಅವಳದು ಅದೇ ಮಾತು.

ಬೆಳಗಿನ ಹೊತ್ತು ಅವಳು ರೊಟ್ಟಿ ತಟ್ಟುವಾಗ ಗುಂಡಪ್ಪನವರು ಅಡಿಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಅಪ್ಪನ ಕತೆ ಹೇಳುವರು. ಮೈಸೂರು ಮಹಾರಾಜರ ಪ್ರಜಾಪ್ರತಿನಿಧಿ ಸಭೆ. ತಾಲ್ಲೂಕಿನಿಂದ ಭೀಮಪ್ಪನವರು ಮೆಂಬರು. ದಸರೆ ಹತ್ತಿರ ಬಂತೆಂದರೆ ಸುತ್ತಲ ಹಳ್ಳಿಯವರೆಲ್ಲ ಜಗಲಿಯ ಮೇಲೆ. ಕೆರೆ ಒಡೆದಿದೆ, ಕಾಡುಹಂದಿ ಹೊಲ ನುಗ್ಗುತ್ತಿದೆ, ಶಾನುಭೋಗ ಪಹಣಿಯಲ್ಲಿ ತನ್ನ ಭಾಮೈದನ ಹೆಸರು ಬರೆದಿದ್ದಾನೆ. ಎಲ್ಲವನ್ನೂ ಕೇಳಿಕೊಂಡು ಭೀಮಪ್ಪನವರು ಗಾಡಿ ಕಟ್ಟಿಸಿ ತುಮಕೂರಿಗೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ. ಮೊದಲ ವರ್ಷ ದಿವಾನರ ಎದುರು ಎದ್ದು ನಿಂತು, "ಕೆರೆ ಒಡೆದೈತೆ ಮಹಾಸ್ವಾಮಿ," ಎಂದು ಒಂದೇ ಮಾತು ಹೇಳಿ ಕೂತುಬಿಟ್ಟರಂತೆ. ಆಮೇಲೆ ಆಮೇಲೆ ಧೈರ್ಯ ಬಂತು. ಒಂದು ದಸರೆಗೆ ಹಂದಿ ಅಗಿದು ಬಿಟ್ಟ ಜೋಳದ ದಂಟಿನ ಕಟ್ಟನ್ನೇ ಹೊತ್ತು ಹೋಗಿ, "ನಮ್ಮ ಬೆಳೆ ಇದು ಸ್ವಾಮಿ, ಕಂದಾಯ ಇದ್ರಾಗೇ ತಗೊಳ್ಳಿ," ಎಂದರಂತೆ. ಸಭೆಯೆಲ್ಲ ನಕ್ಕಿತಂತೆ, ಆದರೆ ಬಂದೂಕಿನ ಪರವಾನಗಿ ಮಂಜೂರಾಯಿತಂತೆ. ಕಡೆಗೆ ಒಂದು ಚುನಾವಣೆಯಲ್ಲಿ ತುಮಕೂರಿನ ಲಾಯರೊಬ್ಬರು ನಿಂತು ಸೋಲಿಸಿದರು. ಸೋತ ಮೇಲೂ ಜಗಲಿ ಬರಿದಾಗಲಿಲ್ಲ.

"ಅದೆಲ್ಲ ಬಿಡು. ದೊಡ್ಡದು ಏನಂದ್ರೆ, ತನ್ನೂರಿನ ಅರ್ಜಿ ಯಾವತ್ತೂ ಕೊನೇಗೆ. ದವಾಖಾನೆ ಬೇಕು ಅಂತ ಮೂರು ಊರೋರು ಕೇಳಿದ್ರು. ನಮ್ಮೂರೂ ಒಂದು. ಅಪ್ಪ ಉಳಿದೆರಡು ಊರಿನ್ನ ಮುಂದಿಟ್ರು. ಮೆಂಬರು ತನ್ನ ಬಾಗಿಲಿಗೇ ಡಾಕ್ಟರ್‌ನ ತಂದ್ಕೊಂಡ ಅಂತ ಒಬ್ಬ ಆಡಂಗಿಲ್ಲ, ನೋಡು."

"ಆಮೇಲೆ ನಮ್ಮೂರಿಗೆ ಬಂತಾ ತಾತ?"

"ಬಂತು. ಜ್ವರ ಮುಗಿದ ಮೇಲೆ."

"ಯಾವ ಜ್ವರ?"

"ಇಂಥದೇ, ಆ ಕಾಲದ್ದು. ಮನೆಮನೇನೇ ಮಲಗಿತ್ತಂತೆ. ನಮ್ಮ ದೊಡ್ಡವ್ವ, ಅಪ್ಪನ ಮೊದಲ್ನೇ ಹೆಂಡ್ತಿ, ಹೋಗಿದ್ದು ಅದ್ರಾಗೇ. ಅಪ್ಪ ಮೈಸೂರಿನಾಗಿದ್ರು, ಸಭೇಗೆ. ನಮ್ಮವ್ವನ್ನ ತಂದ್ಕೊಂಡಿದ್ದು ಎಷ್ಟೋ ವರ್ಷ ಆದ್ಮೇಲೆ."

ನಾಗಮಣಿ ರೊಟ್ಟಿಯನ್ನು ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. "ಅವರ ಹೆಸರೇನು ತಾತ, ದೊಡ್ಡವ್ವಂದು?"

"ಹೆಸರಾ..." ಗುಂಡಪ್ಪನವರು ತಲೆ ಕೆರೆದುಕೊಂಡರು. "ಏನೋ ಇತ್ತು. ತಡಿ, ನೆನಪಾಗ್ತೈತೆ."

ರೊಟ್ಟಿ ಉಬ್ಬಿತು, ಇಳಿಯಿತು. ಅವರಿಗೆ ನೆನಪಾಗಲಿಲ್ಲ. ಶಿಫ್ಟು ಇಲ್ಲದ ದಿನವಾದ್ದರಿಂದ ಅಲ್ಲೇ ಕಾಫಿ ಕುಡಿಯುತ್ತಿದ್ದ ಚಿತ್ರಾ, ಮಾವ ಆ ಕಡೆ ಹೋದ ಮೇಲೆ ಮೆಲ್ಲಗೆ ಅಂದಳು: "ಮನೆಗೆ ಮಾರಿ, ಊರಿಗೆ ಉಪಕಾರಿ. ಇದನ್ನ ಹೆಮ್ಮೆ ಅಂತ ಬೇರೆ ಹೇಳ್ಕೊಳ್ತಾರೆ."

ಎರಡನೆಯ ವರ್ಷದ ಏಪ್ರಿಲ್. ಇಲ್ಲಿ ಐಶುವಿನ ಶಾಲೆ ತೆರೆದಿತ್ತು, ಜನ ಉದ್ಯಾನಗಳಲ್ಲಿ ಕೂರತೊಡಗಿದ್ದರು. ಅಲ್ಲಿ ಊರಿನಲ್ಲಿ ರೋಗದ ಬೆಂಕಿ ಹತ್ತಿತ್ತು. ಸತ್ಯಪ್ರಕಾಶ್ ಟಿವಿಯ ಸುದ್ದಿ ಹಾಕುವುದನ್ನೇ ಬಿಟ್ಟ. ಒಂದು ಬೆಳಿಗ್ಗೆ ನಾಗಮಣಿಯ ಅಪ್ಪ ವೆಂಕಟೇಶ ಫೋನು ಮಾಡಿದ.

"ನಿಮ್ಮವ್ವಂಗೆ ಜ್ವರ ಕಣವ್ವ. ಗಾಬರಿ ಬೀಳಬ್ಯಾಡ. ಮಾತ್ರೆ ಕೊಟ್ಟವ್ರೆ."

ಮೂರು ದಿನಕ್ಕೆ ಮಾತ್ರೆ ಹೋಗಿ ತುಮಕೂರಿನ ಆಸ್ಪತ್ರೆಯಾಯಿತು. ಸತ್ಯಪ್ರಕಾಶ್ ಬೆಂಗಳೂರಿನ ಗೆಳೆಯರಿಗೆಲ್ಲ ಫೋನು ಮಾಡಿ ಅಲ್ಲಿ ಒಂದು ಹಾಸಿಗೆ ಕೊಡಿಸಿದ. ಶನಿವಾರ ದ್ರಾಕ್ಷಾಯಿಣಿಯೇ ಮಾತಾಡಿದಳು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು.

"ಮಣಿ... ಬಂದ್ಬಿಡೇ ಒಂದ್ಸಲ."

ಜನ್ಮದಲ್ಲಿ ಏನನ್ನೂ ಬೇಕೆಂದು ಕೇಳದ ಹೆಂಗಸು. ನಾಗಮಣಿ ಫೋನಿಟ್ಟು ನೆಟ್ಟಗೆ ಗಂಡನ ಹತ್ತಿರ ಹೋದಳು.

"ಮಾಮ, ನಾನು ಊರಿಗೆ ಹೋಗ್ತೀನಿ."

ಮಂಜೇಶ್ ಕಿವಿಯಿಂದ ಹೆಡ್‌ಫೋನ್ ತೆಗೆದ. ಅವನ ಕಣ್ಣೂ ಕೆಂಪಾಗಿತ್ತು. ಅವನನ್ನು ಎತ್ತಿ ಆಡಿಸಿದ ಅಕ್ಕ ಅವಳು. "ಹೋದ್ರೆ ವಾಪಸ್ ಬರೋಕೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ ಮಣಿ. ಏರ್‌ಪೋರ್ಟಲ್ಲೇ ನಿಂಗೂ ಅಂಟಿಕೊಂಡ್ರೆ? ನಾಳೆ ಭಾನುವಾರ ತಾನೆ. ಸಭೇಲಿ ಹೇಳು. ಅಪ್ಪ ಇದ್ದಾರೆ, ಅಣ್ಣ ಇದ್ದಾನೆ. ನಾನೊಬ್ನೇ ಹೇಗೆ ಹೇಳ್ಲಿ?"

ಮರುದಿನ ಮುದ್ದೆ, ಸೊಪ್ಪಿನ ಸಾರು. ಯಾರೂ ಸರಿಯಾಗಿ ಉಣ್ಣಲಿಲ್ಲ. ಗುಂಡಪ್ಪನವರು "ಸಭೆ ಸೇರೈತೆ" ಎಂದ ಕೂಡಲೇ ನಾಗಮಣಿ ಎದ್ದು ನಿಂತಳು. ಆ ಸಭೆಯಲ್ಲಿ ಅದುವರೆಗೆ ಯಾರೂ ಎದ್ದು ನಿಂತು ಹೇಳಿದ್ದಿಲ್ಲ.

"ನಾನು ಊರಿಗೆ ಹೋಗ್ಬೇಕು. ಅಮ್ಮ ಕರೀತಾಳೆ."

ಮೊದಲು ಬಾಯಿ ಹಾಕಿದವನು ಸತ್ಯಪ್ರಕಾಶ್. "ಹೋಗಿ ಏನ್ ಮಾಡ್ತೀಯ ಮಣಿ? ವಾರ್ಡಿನ ಒಳಗೆ ಬಿಡಲ್ಲ ಯಾರನ್ನೂ. ನಿಮ್ಮಪ್ಪನ್ನೇ ಬಿಡ್ತಿಲ್ಲ."

"ಬಿಡೋದು ಬ್ಯಾಡ ದೊಡ್ಮಾಮ. ಹೊರಗೆ ಬಾಗ್ಲಲ್ಲಿ ಕೂತಿರ್ತೀನಿ."

"ಬಾಗ್ಲಲ್ಲಿ ಕೂತ್ರೆ ಅವಳಿಗೆ ವಾಸಿ ಆಗುತ್ತಾ?"

"ನಾನು ಬಂದಿದೀನಿ ಅಂತ ಗೊತ್ತಾಗ್ತೈತೆ."

ಚಿತ್ರಾ ನಡುವೆ ಬಂದಳು. "ಕಳಿಸಬೇಡಿ ಅಂತ ನಾನು ಹೇಳಲ್ಲ. ಆದ್ರೆ ನನ್ನ ಶಿಫ್ಟ್ ದಿನ ಐಶುನ ಸ್ಕೂಲಿಂದ ಯಾರು ಕರ್ಕೊಂಡ್ ಬರ್ತಾರೆ, ಮಾವನ ಇನ್ಸುಲಿನ್ ಯಾರು ನೋಡ್ತಾರೆ, ಅಡಿಗೆ ಯಾರು ಮಾಡ್ತಾರೆ, ಅದನ್ನೂ ಈಗ್ಲೇ ಮಾತಾಡಿ. ಆಮೇಲೆ ಎಲ್ಲಾ ನನ್ನ ತಲೆ ಮೇಲೆ ಹಾಕ್ಬೇಡಿ."

"ಅಲ್ಲಿ ನಮ್ಮಕ್ಕ ಸಾಯ್ತಾ ಇದ್ದಾಳೆ, ನೀನು ಇಲ್ಲಿ ಅಡಿಗೆ ಅಂತೀಯ?" ಮಂಜೇಶ್ ರೇಗಿದ.

"ಹಂಗಾದ್ರೆ ನಿನ್ನೇನೇ ಟಿಕೆಟ್ ತೆಗೀಬೇಕಿತ್ತು ಕಣಪ್ಪ. ಸಭೆಗೆ ಯಾಕೆ ತಂದೆ?"

ಗುಂಡಪ್ಪನವರು ಮೇಜು ಕುಟ್ಟಿದರು. ಲೋಟಗಳು ಅದುರಿದವು. "ಕಟ್ಟಳೆ ಅಂದ್ರೆ ಕಟ್ಟಳೆ! ನಡುವೆ ಯಾರೂ ಮಾತಾಡಂಗಿಲ್ಲ. ಅರ್ಜಿ ಕೇಳಿದೀನಿ. ಕೂತ್ಕೋ ಮಣಿ."

ಅವಳು ಕೂರಲಿಲ್ಲ. "ಇದಕ್ಕೂ ಒಂದು ವಾರನಾ ತಾತ?"

"ನನ್ನ ಮಗಳವ್ವ ಅವಳು. ನಿಮ್ಮೆಲ್ಲರಿಗಿಂತ ಮೊದ್ಲು ನನ್ನ ಹೊಟ್ಟೆ ಉರೀತೈತೆ. ಅದಕ್ಕೇ ಇವತ್ತು ಹೇಳಂಗಿಲ್ಲ. ನಂದೇ ಮಗಳು ಅಂತ ಕಟ್ಟಳೆ ಮುರಿದ್ರೆ, ನಾಳೆ ನಿಮಗೆ ತಡೀರಿ ಅನ್ನೋಕೆ ನನಗೇನು ಮುಖ ಇರ್ತೈತೆ? ಅವಳ ಗಂಡನ ಹತ್ರ ಮಾತಾಡ್ಬೇಕು, ಡಾಕ್ಟರು ಏನಂತಾರೆ ಕೇಳ್ಬೇಕು, ನಿನ್ನ ಕ್ಷೇಮ ನೋಡ್ಬೇಕು. ಭಾನುವಾರ ಹೇಳ್ತೀನಿ."

ಪಾಸ್‌ಪೋರ್ಟು ಮಂಜೇಶನ ಬೀರುವಿನಲ್ಲಿತ್ತು. ವಿಮಾನ ನಿಲ್ದಾಣಕ್ಕೆ ಯಾವ ಬಸ್ಸು ಹೋಗುತ್ತದೆಂದೂ ಅವಳಿಗೆ ಗೊತ್ತಿರಲಿಲ್ಲ. ಅವಳು ತಟ್ಟೆ ತೊಳೆಯಲು ಹೋದಳು.

ವಾರ ನಡೆಯಿತು. ಸೋಮವಾರ ಚಿತ್ರಾಗೆ ಡಬ್ಬಿ ಕಟ್ಟಿದಳು, ಐಶುವಿನ ಶಾಲೆಯ ಸ್ವೆಟರು ಒಗೆದಳು. ಮಂಗಳವಾರ ಅಮ್ಮ ಅರ್ಧ ಇಡ್ಲಿ ತಿಂದಳೆಂದು ವೆಂಕಟೇಶ ಹೇಳಿದಾಗ ಮನೆಗೆಲ್ಲ ಉಸಿರು ಬಂದಂತಾಯಿತು. ಸತ್ಯಪ್ರಕಾಶ್, "ನೋಡಿದ್ಯಾ, ಅಪ್ಪ ಹೇಳಿದ್ದೇ ಸರಿ. ಸುಮ್ನೆ ಓಡಿಹೋಗಿ ನೀನೂ ಮಲಗ್ತಿದ್ದೆ," ಎಂದ. ಗುಂಡಪ್ಪನವರು ಮಾತ್ರ ಮುದ್ದೆ ಅರ್ಧ ಬಿಟ್ಟು ಹಿತ್ತಲಿಗೆ ಹೋಗಿ, ಬೇಲಿಯಾಚೆ ಪೇಟೆಯ ಹ್ಯೂಸ್ಟನ್ ಸ್ಟೇಷನ್ನಿಗೆ ಹೋಗುವ ರೈಲುಗಳನ್ನು ನೋಡುತ್ತ ನಿಂತರು. ಮಗಳಿಗೆ ಫೋನು ಮಾಡಿಕೊಡಲೇ ಎಂದು ನಾಗಮಣಿ ಕೇಳಿದರೆ, "ಬ್ಯಾಡ. ಅವಳ ದನಿ ಕೇಳಿದ್ರೆ ನನ್ನ ಬುದ್ಧಿ ನನ್ನ ಹತ್ರ ಇರಲ್ಲ," ಎಂದರು.

ಬುಧವಾರ ಮಧ್ಯಾಹ್ನ ವಾರ್ಡಿನ ನರ್ಸೊಬ್ಬಳು ವೀಡಿಯೊ ಹಾಕಿಕೊಟ್ಟಳು. ಮುಖದ ಮೇಲೆ ಮಾಸ್ಕು, ಎಣ್ಣೆಯಿಲ್ಲದ ಕೂದಲು. ಆದರೂ ಕಣ್ಣು ಅಮ್ಮನದೇ.

"ಟಿಕೆಟ್... ಆಯ್ತಾ?"

"ಭಾನುವಾರ ಹೇಳ್ತಾರಮ್ಮ ತಾತ."

ದ್ರಾಕ್ಷಾಯಿಣಿಯ ಕಣ್ಣಿನ ಸುತ್ತ ಸುಕ್ಕು ಮೂಡಿತು. ನಗುತ್ತಿದ್ದಳು. "ಅಲ್ಲೂ ಮಾಡ್ತವ್ರಾ ಸಭೆ? ಚಿಕ್ಕೋಳಿದ್ದಾಗ ನಾನೂ ಕೂತೋಳೇ ಅದ್ರಾಗೆ. ಯುಗಾದಿಗೆ... ರೇಷ್ಮೆ ಲಂಗ ಕೇಳಿದ್ದೆ."

"ಕೊಡಿಸಿದ್ರಾ?"

"ಕೊಡಿಸಿದ್ರು. ಹಬ್ಬ ಮುಗಿದ ಮ್ಯಾಲೆ." ಮತ್ತೆ ಉಸಿರು ಎಳೆದುಕೊಂಡಳು. "ಚೆನ್ನಾಗಿತ್ತು ಲಂಗ. ಬೈಬ್ಯಾಡ ತಾತನ್ನ. ನೀನು ಬರ್ತೀಯ ತಾನೆ?"

ನಾಗಮಣಿ ಬರುತ್ತೇನೆಂದರೆ ಸುಳ್ಳಾದೀತು, ಇಲ್ಲವೆನ್ನಲು ಬಾಯಿಲ್ಲ. "ಭಾನುವಾರ ಗೊತ್ತಾಗ್ತೈತಮ್ಮ," ಎಂದಳು. ನರ್ಸಿಗೆ ಬೇರೆ ಹಾಸಿಗೆಯಿಂದ ಕರೆ ಬಂತು.

ಶುಕ್ರವಾರ ಅವಳು ಅಕ್ಕಿ ತೊಳೆಯುತ್ತಿದ್ದಾಗ ವೆಂಕಟೇಶನ ಫೋನು ಬಂತು. ಅವನು ಬರೀ ಅತ್ತ. ಆ ಕಡೆಯಿಂದ ಆಂಬುಲೆನ್ಸುಗಳ ಸದ್ದು ಕೇಳುತ್ತಲೇ ಇತ್ತು.

ಮಣ್ಣು ಮಾಡುವುದನ್ನು ಆಸ್ಪತ್ರೆಯವರು ಕಳಿಸಿದ ಹುಡುಗರೇ ಮುಗಿಸಿದರು. ನಮ್ಮವರಲ್ಲಿ ಮಾಡುವ ಹಾಗೆ ಕೂರಿಸಲಿಲ್ಲವಂತೆ, ಚೀಲದಲ್ಲಿ ಮಲಗಿಸಿಯೇ ಇಳಿಸಿದರಂತೆ. ವೆಂಕಟೇಶನನ್ನು ರಸ್ತೆಯಲ್ಲೇ ನಿಲ್ಲಿಸಿದ್ದರು. ವಿಭೂತಿಯ ಗಟ್ಟಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು, ಇಡಪ್ಪ ಎಂದು ಬೇಡಿಕೊಂಡನಂತೆ. ಇಟ್ಟನೋ ಇಲ್ಲವೋ ಅಷ್ಟು ದೂರಕ್ಕೆ ಕಾಣಲಿಲ್ಲವಂತೆ.

ಇದನ್ನು ಕೇಳಿ ಗುಂಡಪ್ಪನವರು ಗೋಡೆಗೆ ಹಣೆ ಒತ್ತಿ ನಿಂತರು. ಮಂಜೇಶ್ ಮಗುವಿನಂತೆ ಅತ್ತ. ಪಕ್ಕದ ಮನೆಯ ಐರಿಶ್ ಅಜ್ಜಿ ಮೊಟ್ಟೆಯ ಸ್ಯಾಂಡ್‌ವಿಚ್ಚುಗಳ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಹಿಂದೆ ಸರಿದು ನಿಂತು, "ಸಾರಿ ಫಾರ್ ಯುವರ್ ಟ್ರಬಲ್, ಲವ್," ಎಂದಳು. ಸಾವಿನ ಮನೆಗೆ ಅವರು ಹೇಳುವ ಮಾತಂತೆ ಅದು. ಮೊಟ್ಟೆ ತಿನ್ನದ ಮನೆ. ಆದರೂ ನಾಗಮಣಿ ಎರಡು ಕೈಯಲ್ಲಿ ತಟ್ಟೆ ತೆಗೆದುಕೊಂಡಳು. ಅಜ್ಜಿ ಹೋದ ಮೇಲೂ ಅದನ್ನು ಹಿಡಿದುಕೊಂಡೇ ನಿಂತಿದ್ದಳು.

ಶನಿವಾರ ಚಿತ್ರಾ ಕೆಲಸಕ್ಕೆ ಹೋಗಲಿಲ್ಲ. ತಾನೇ ಅನ್ನಕ್ಕಿಟ್ಟು, ಹುಣಿಸೆಹಣ್ಣು ನೆನೆಸಲು ಹಾಕಿ, ನಾಗಮಣಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಸ್ವಲ್ಪ ಹೊತ್ತು ಹುಣಿಸೆಹಣ್ಣು ಹಿಸುಕುತ್ತಲೇ ಇದ್ದಳು.

"ಮಣಿ, ಇದನ್ನ ಹೇಳ್ದೆ ಇದ್ರೆ ನನಗೆ ಅನ್ನ ಇಳಿಯಲ್ಲ. ಮಾವ ಬುಧವಾರ ಬೆಳಿಗ್ಗೆನೇ ನನ್ನ ಹತ್ರ ಬಂದಿದ್ರು. ಹುಡುಗಿನ ಕಳಿಸೋಣ, ನನ್ನ ಇನ್ಸುಲಿನ್ ನಾನೇ ಚುಚ್ಕೊಳ್ತೀನಿ, ವಿಮಾನ ಯಾವ್ದಿದೆ ನೋಡಿಡು ಅಂದ್ರು. ನೋಡಿಟ್ಟೆ. ಅವಳಿಗೆ ಹೇಳ್ಲಾ ಅಂತ ಕೇಳ್ದೆ. ಬ್ಯಾಡ, ಭಾನುವಾರ ಸಭೇಲಿ ನಾನೇ ಹೇಳ್ತೀನಿ ಅಂದ್ರು."

"ಬುಧವಾರ ಬೆಳಿಗ್ಗೆ," ಎಂದಳು ನಾಗಮಣಿ.

"ಹೂಂ."

"ಅಮ್ಮ ಮಾತಾಡಿದ್ದು ಮಧ್ಯಾಹ್ನ, ಅತ್ತೆ."

ಚಿತ್ರಾ ಹುಳಿಯ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ನಾಗಮಣಿ ಎದ್ದು ಹಾಲಿಗೆ ಹೋದಳು. ಗುಂಡಪ್ಪನವರು ಹೊದಿಕೆ ಹೊದ್ದು ಸೋಫಾದಲ್ಲಿ ಕೂತಿದ್ದರು. ಸತ್ಯಪ್ರಕಾಶ್ ಮೆಟ್ಟಿಲ ಬುಡದಲ್ಲಿ ನಿಂತಿದ್ದ.

"ತಾತ, ಬುಧವಾರ ನೀವು ಹೂಂ ಅಂದಿದ್ರಂತೆ."

ಅವರು ತಲೆಯೆತ್ತಿದರು.

"ಅಮ್ಮ ಟಿಕೆಟ್ ಆಯ್ತಾ ಅಂತ ಕೇಳಿದ್ಲು. ಬರ್ತೀಯ ತಾನೆ ಅಂದ್ಲು."

"ಮಣಿ," ಸತ್ಯಪ್ರಕಾಶ್ ಮೆತ್ತಗೆ ಹೇಳಿದ, "ಬುಧವಾರ ಬುಕ್ ಮಾಡಿದ್ರೂ ನೀನು ಮುಟ್ಟೋ ಹೊತ್ತಿಗೆ ಮುಗಿದೇ ಹೋಗ್ತಿತ್ತು."

"ಮುಟ್ತಿರ್ಲಿಲ್ಲ ದೊಡ್ಮಾಮ. ಬರ್ತಿದೀನಿ ಅಂತ ಹೇಳ್ತಿದ್ದೆ. ಅಷ್ಟು ಕೇಳಿಸ್ಕೊಂಡು ಹೋಗ್ತಿದ್ಲು."

ಅವಳು ಕೂಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲೇ ಹೇಳಿದಳು. ಮುದುಕರು ಹೊದಿಕೆಯನ್ನು ಸರಿಸಿ, ಎರಡೂ ಕೈಯನ್ನು ಮಂಡಿಯ ಮೇಲೆ ಊರಿ ಏಳಲು ನೋಡಿ, ಆಗದೆ ಮತ್ತೆ ಕೂತರು.

"ಬಯ್ಯವ್ವ ನನ್ನ. ಏನಾದ್ರೂ ಅನ್ನು. ನನ್ನ ಮಗಳೂ ಅಲ್ವಾ ಅವಳು? ಹಿಂಗೆ ಸುಮ್ನೆ ನಿಲ್ಬ್ಯಾಡ. ಬಾಯಿಬಿಟ್ಟು ಏನಾದ್ರೂ ಹೇಳು."

"ಭಾನುವಾರ ಹೇಳ್ತೀನಿ ತಾತ."

ಚುಚ್ಚಬೇಕೆಂದು ಆಡಿದ ಮಾತಲ್ಲ. ಬಾಯಿ ತಾನಾಗಿ ಆಡಿಬಿಟ್ಟಿತ್ತು. ಅವರ ಇನ್ಸುಲಿನ್ ಹೊತ್ತಾಗಿತ್ತು; ಅವಳು ಫ್ರಿಜ್ಜಿನ ಕಡೆಗೆ ನಡೆದಳು.

ಮರುದಿನ ಭಾನುವಾರ. ಅನ್ನ, ತಿಳಿಸಾರು. ಊಟವಾದ ಮೇಲೆ ಒಬ್ಬೊಬ್ಬರೇ ಎದ್ದು ಕೈ ತೊಳೆದರು. ಯಾರೂ ಸಭೆಯ ಮಾತೆತ್ತಲಿಲ್ಲ. ಸತ್ಯಪ್ರಕಾಶ್ ಮೇಲೆ ಹೋದ, ಮಂಜೇಶ್ ಹೊರಗೆ ಹೋದ. ಇವತ್ತು ಸಭೆ ಇಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳಹೊರಟ ಐಶುವಿನ ಭುಜ ಹಿಡಿದು ಚಿತ್ರಾ ಹೊರಗೆ ಕರೆದೊಯ್ದಳು. ಗುಂಡಪ್ಪನವರೂ ನಾಗಮಣಿಯೂ ಉಳಿದರು. ಮುದುಕರು ಹಿತ್ತಲ ಬಾಗಿಲ ಕಡೆಯ ತಮ್ಮ ಜಾಗ ಬಿಟ್ಟು, ಈಚೆಗೆ ಬಂದು ಅರ್ಜಿ ಹೇಳುವವರ ಕಡೆಯ ಸ್ಟೂಲಿನ ಮೇಲೆ ಕೂತರು. ಎರಡೂ ಕೈಯನ್ನು ಮೇಜಿನ ಮೇಲಿಟ್ಟರು. ಇನ್ನು ನೀನು ಹೇಳು ಎನ್ನುವಂತೆ ಅವಳ ಮುಖವನ್ನೇ ನೋಡುತ್ತಿದ್ದರು.

ಹೇಳಲು ನಾಗಮಣಿಯ ಹತ್ತಿರ ಇದ್ದ ಒಂದೇ ಮಾತು ಬುಧವಾರ ಅಮ್ಮನಿಗೆ ಹೇಳಬೇಕಿದ್ದದ್ದು, ಅದು ಇವರಿಗೆ ಹೇಳುವುದಲ್ಲ. ಅವಳು ತಟ್ಟೆ ಎತ್ತಿದಳು, ಲೋಟ ಎತ್ತಿದಳು, ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಮುದುಕರು ಕೈ ತೆಗೆಯಲಿಲ್ಲ. ಅವಳೂ ತೆಗೆಯಿರಿ ಎನ್ನಲಿಲ್ಲ. ಆ ಎರಡು ಕೈಗಳ ಸುತ್ತ ಬಟ್ಟೆ ಆಡಿಸಿ, ಉಳಿದ ಮೇಜನ್ನೆಲ್ಲ ಒರೆಸಿದಳು.